ರೈತ ಸಂತೆ ಮತ್ತು ಆಹಾರ ಸುರಕ್ಷತೆ: ಮಾರುವವರು ತಿಳಿದಿರಬೇಕಾದ ನಿಯಮಗಳು



ನಮ್ಮ ಕಾರ್ಯಕ್ಷೇತ್ರದ ಅನೇಕ ಸಂಘಗಳು ವಾರದ ಸಂತೆಯಲ್ಲಿ, ರೈತ ಸಂತೆಯಲ್ಲಿ ಅಂಗಡಿ ಹಾಕುತ್ತಿರುವುದು ಸಂತೋಷದ ವಿಷಯ. ಸೊಪ್ಪು, ತರಕಾರಿ, ಬಾಳೆಗೊನೆ, ಕಾಳುಮೆಣಸಿನ ಜೊತೆಗೆ ಹಪ್ಪಳ, ಉಪ್ಪಿನಕಾಯಿ, ರಾಗಿ ಹುರಿಹಿಟ್ಟು, ಕಡುಬು, ಮಜ್ಜಿಗೆ ಎಲ್ಲವೂ ಸಂತೆಗೆ ಬರುತ್ತಿದೆ. ಮಧ್ಯವರ್ತಿಗಳಿಲ್ಲದೆ ಹಣ ನೇರವಾಗಿ ಕೈಗೆ ಸಿಗುತ್ತಿದೆ. ಆದರೆ ಆಹಾರ ಮಾರುವವರಿಗೆ ಕೆಲವು ನಿಯಮಗಳಿವೆ ಎನ್ನುವುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. “ನಮ್ಮ ತೋಟದಲ್ಲಿ ಬೆಳೆದದ್ದು, ನಮ್ಮ ಮನೇಲಿ ಮಾಡಿದ್ದು, ಇದಕ್ಕೆಲ್ಲ ಎಂಥ ನಿಯಮ?” ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಸಿದ್ಧಪಡಿಸಿದ್ದೇವೆ. ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಕೊನೆಯಲ್ಲಿ ಕೊಟ್ಟಿರುವ ಪ್ರಶ್ನೆಗಳನ್ನು ಚರ್ಚಿಸಬೇಕಾಗಿ ವಿನಂತಿ.

ಒಂದು ಘಟನೆ

ಏಪ್ರಿಲ್ ತಿಂಗಳ ಒಂದು ಭಾನುವಾರ. ಮಲೆನಾಡಿನ ಒಂದು ತಾಲೂಕು ಕೇಂದ್ರದ ಸಂತೆ. ನಮ್ಮ ಸಂಘವೊಂದರ ಸದಸ್ಯೆಯರು ತರಕಾರಿ, ಹಪ್ಪಳದ ಜೊತೆಗೆ ಮಸಾಲೆ ಮಜ್ಜಿಗೆಯನ್ನೂ ಇಟ್ಟಿದ್ದರು. ಬಿಸಿಲು ಜೋರು, ವ್ಯಾಪಾರವೂ ಜೋರು. ಮಧ್ಯಾಹ್ನದ ಹೊತ್ತಿಗೆ ಮಜ್ಜಿಗೆ ಬೆಚ್ಚಗಾಯಿತು. “ತಣ್ಣಗಿಲ್ವಾ ಅಕ್ಕಾ?” ಎಂದು ಗಿರಾಕಿಗಳು ಕೇಳತೊಡಗಿದರು. ಎದುರಿಗೇ ಮೀನಿನ ಅಂಗಡಿ. ಅಲ್ಲಿಂದ ಒಂದು ಗಡ್ಡೆ ಐಸ್ ತಂದು, ಗೋಣಿಚೀಲದಲ್ಲಿ ಕುಟ್ಟಿ, ಮಜ್ಜಿಗೆಗೆ ಹಾಕಿದರು. ಸಂಜೆಯೊಳಗೆ ಪಾತ್ರೆ ಖಾಲಿ.

ಮಾರನೇ ದಿನ ನಾಲ್ಕಾರು ಮನೆಗಳಲ್ಲಿ ವಾಂತಿ, ಭೇದಿ. ಏಳನೇ ತರಗತಿಯ ಒಬ್ಬ ಹುಡುಗನಿಗೆ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕಾಯಿತು. ಪುಣ್ಯಕ್ಕೆ ಎಲ್ಲರೂ ಗುಣವಾದರು. ಯಾರೂ ದೂರು ಕೊಡಲಿಲ್ಲ, ಕೇಸೂ ಆಗಲಿಲ್ಲ. ಆದರೆ ಮುಂದಿನ ಭಾನುವಾರ ಇಡೀ ದಿನ ಕೂತು ಮಾರಿದ್ದು ನಾಲ್ಕೇ ಲೋಟ. ಮಜ್ಜಿಗೆ ಮಾತ್ರ ಅಲ್ಲ, ಅದೇ ಮೇಜಿನ ಮೇಲಿದ್ದ ಹಪ್ಪಳವನ್ನೂ ಯಾರೂ ಮುಟ್ಟಲಿಲ್ಲ. ಅಂಗಡಿಯ ಮೇಜು, ಪಾತ್ರೆಗಳಿಗೆಂದು ಸಂಘದಿಂದ ತೆಗೆದ ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ನಾವು ಭೇಟಿಗೆ ಹೋದಾಗ ಸಂಘದ ಹಿರಿಯ ಸದಸ್ಯೆಯೊಬ್ಬರು ಕಣ್ಣೀರು ಹಾಕಿಕೊಂಡು, “ನಾವೇನು ವಿಷ ಹಾಕಿದ್ವಾ ಮೇಡಂ? ನಮ್ಮ ಮೊಮ್ಮಕ್ಕಳಿಗೆ ಕೊಡೋ ಮಜ್ಜಿಗೇನೇ ಮಾರಿದ್ದು” ಅಂದರು. ಅವರ ಮಾತು ಸುಳ್ಳಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಎಲ್ಲರೂ ಸುತ್ತ ಕೂತು, ಹಾಲು ಕಾಯಿಸಿದಲ್ಲಿಂದ ಗಿರಾಕಿಯ ಕೈಗೆ ಲೋಟ ಕೊಡುವವರೆಗೆ ಒಂದೊಂದೇ ಹೆಜ್ಜೆಯನ್ನು ಕಾಗದದ ಮೇಲೆ ಬರೆದೆವು.

1. ಹಾಲು: ಚೆನ್ನಾಗಿ ಕಾಯಿಸಿದ್ದು. ಸರಿ.
2. ಮೊಸರು: ತೊಳೆದ ಪಾತ್ರೆ, ಮುಚ್ಚಳ ಹಾಕಿದ್ದು. ಸರಿ.
3. ನೀರು: ಸಂತೆ ಮಾಳದ ತೊಟ್ಟಿಯಿಂದ ತಂದದ್ದು, ಕಾಯಿಸಿಲ್ಲ.
4. ಕೊತ್ತಂಬರಿ ಸೊಪ್ಪು: ತೊಳೆಯದೆ ಹೆಚ್ಚಿದ್ದು.
5. ಐಸ್: ಮೀನು ಕೆಡದಂತೆ ಇಡಲು ತಂದದ್ದು.
6. ಲೋಟ: ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆದದ್ದು.

ಆರು ಹೆಜ್ಜೆಗಳಲ್ಲಿ ನಾಲ್ಕು ಕಡೆ ರೋಗ ಒಳಗೆ ಬರಲು ಬಾಗಿಲು ತೆರೆದಿತ್ತು. ಮಜ್ಜಿಗೆಯನ್ನು ಯಾರೂ ಪರೀಕ್ಷೆಗೆ ಕಳುಹಿಸಿರಲಿಲ್ಲ, ಆದ್ದರಿಂದ ಯಾವ ಬಾಗಿಲಿನಿಂದ ಬಂತೆಂದು ಹೇಳುವಂತಿಲ್ಲ. ನಾಲ್ಕನ್ನೂ ಮುಚ್ಚಬೇಕು, ಅಷ್ಟೇ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಈ ಸಂಘಕ್ಕೆ ನಾವು ಉಳಿತಾಯ, ಪುಸ್ತಕ ಬರವಣಿಗೆ, ಸಾಲ ಮರುಪಾವತಿ, ಮಾರುಕಟ್ಟೆ ಎಲ್ಲದರ ತರಬೇತಿ ಕೊಟ್ಟಿದ್ದೆವು. ಆಹಾರವನ್ನು ಸುರಕ್ಷಿತವಾಗಿ ಮಾರುವ ಬಗ್ಗೆ ಒಂದು ಗಂಟೆಯ ತರಬೇತಿಯನ್ನೂ ಕೊಟ್ಟಿರಲಿಲ್ಲ.

ರೈತ ಸಂತೆಯ ಬಂಡವಾಳ

ರೈತರು ತಾವು ಬೆಳೆದದ್ದನ್ನು ತಾವೇ ಮಾರುವ ಮಾರುಕಟ್ಟೆಗಳನ್ನು ನಮ್ಮ ದೇಶದ ಹಲವು ರಾಜ್ಯಗಳು ಬೇರೆ ಬೇರೆ ಹೆಸರಿನಲ್ಲಿ ಆರಂಭಿಸಿವೆ. ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’, ಆಂಧ್ರಪ್ರದೇಶದಲ್ಲಿ 1999ರಲ್ಲಿ ‘ರೈತು ಬಜಾರ್’, ಅದೇ ವರ್ಷ ತಮಿಳುನಾಡಿನ ಮದುರೈಯಲ್ಲಿ ‘ಉಳವರ್ ಸಂದೈ’ ಶುರುವಾದವು. ನಮ್ಮ ರಾಜ್ಯದಲ್ಲಿ ರೈತ ಸಂತೆ ಎನ್ನುತ್ತೇವೆ.

ಇಂಥ ಸಂತೆಗೆ ಗಿರಾಕಿ ಯಾಕೆ ಬರುತ್ತಾರೆ? ಪೇಟೆಯ ಅಂಗಡಿಯಲ್ಲಿ ಸಾಮಾನು ಯಾರು ಬೆಳೆದದ್ದು, ಯಾರು ಮಾಡಿದ್ದು ಗೊತ್ತಾಗುವುದಿಲ್ಲ. ಇಲ್ಲಿ ಬೆಳೆದವರ ಮುಖ ಕಾಣುತ್ತದೆ. “ಇವರು ನಮ್ಮೂರ ಕಡೆಯವರು, ಮೋಸ ಮಾಡಲ್ಲ” ಎಂಬ ನಂಬಿಕೆಯಿಂದ ಒಂದೆರಡು ರೂಪಾಯಿ ಹೆಚ್ಚಾದರೂ ಕೊಡುತ್ತಾರೆ. ಹಾಗಾಗಿ ಸಂತೆಯಲ್ಲಿ ನಮ್ಮ ದೊಡ್ಡ ಬಂಡವಾಳ ಈ ನಂಬಿಕೆಯೇ. ಮೇಜು, ತಕ್ಕಡಿ ಹಾಳಾದರೆ ಮತ್ತೆ ಸಾಲ ತೆಗೆದು ಕೊಳ್ಳಬಹುದು. ನಂಬಿಕೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮೊದಲು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಇತ್ತು. ಅದರ ಬದಲಿಗೆ ಸಂಸತ್ತು ‘ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006’ ತಂದಿತು. ಅದರ ಮುಖ್ಯ ನಿಯಮಾವಳಿಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ಇದನ್ನು ನೋಡಿಕೊಳ್ಳುವ ಸಂಸ್ಥೆಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಚುಟುಕಾಗಿ ಎಫ್‌ಎಸ್‌ಎಸ್‌ಎಐ ಎನ್ನುತ್ತಾರೆ. ಜಿಲ್ಲೆಯಲ್ಲಿ ಅಂಕಿತ ಅಧಿಕಾರಿ, ಅವರ ಕೈಕೆಳಗೆ ಆಹಾರ ಸುರಕ್ಷತಾಧಿಕಾರಿಗಳು ಇರುತ್ತಾರೆ.

ರೈತರು ಮೊದಲು ತಿಳಿಯಬೇಕಾದ್ದು ಈ ಕಾಯ್ದೆಯ 18ನೇ ಸೆಕ್ಷನ್. ರೈತರಿಗೆ, ಮೀನುಗಾರರಿಗೆ, ಕೃಷಿ ಕೆಲಸಕ್ಕೆ, ಹೊಲದ ಮಟ್ಟದಲ್ಲಿ ರೈತ ಬೆಳೆದ ಬೆಳೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅಲ್ಲಿ ಹೇಳಿದೆ. ಅಂದರೆ ಬದನೆಗಿಡ ನೆಡಲು, ಬಾಳೆಗೊನೆ ಕಡಿಯಲು ಯಾವ ಲೈಸೆನ್ಸೂ ಬೇಡ.

ಆದರೆ ಈ ವಿನಾಯಿತಿ ಎಲ್ಲಿಯವರೆಗೆ? ಮಾವಿನ ಮಿಡಿ ಮರದಿಂದ ಕಿತ್ತಾಗ ನಾವು ರೈತರು. ಅದನ್ನು ಉಪ್ಪು-ಖಾರ ಹಾಕಿ ಬಾಟಲಿಗೆ ತುಂಬಿ ಮಾರಲು ಇಟ್ಟರೆ ನಾವು ಆಹಾರ ತಯಾರಕರು. ಪಕ್ಕದೂರಿನವರ ತರಕಾರಿ ಕೊಂಡು ತಂದು ಮಾರಿದರೆ ವ್ಯಾಪಾರಿಗಳು. ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಸಣ್ಣ ತಯಾರಕರು, ಸಣ್ಣ ಚಿಲ್ಲರೆ ವ್ಯಾಪಾರಿಗಳು, ತಿರುಗಿ ಮಾರುವವರು, ತಾತ್ಕಾಲಿಕ ಅಂಗಡಿ ಹಾಕುವವರು, ಗೃಹ ಕೈಗಾರಿಕೆಯವರು ದೊಡ್ಡ ಲೈಸೆನ್ಸ್ ಪಡೆಯಬೇಕಿಲ್ಲ. ಆದರೆ ನೋಂದಣಿ ಮಾಡಿಸಲೇಬೇಕು. ಮಜ್ಜಿಗೆ, ಕಡುಬು, ಹಪ್ಪಳ, ಚಕ್ಕುಲಿ, ಉಪ್ಪಿನಕಾಯಿ, ಹಿಟ್ಟು ಮಾರುವ ನಮ್ಮ ಸಂಘಗಳೆಲ್ಲ ಈ ಪಟ್ಟಿಗೆ ಸೇರುತ್ತವೆ.

ನೋಂದಣಿ ಮಾಡಿಸುವುದು ಹೇಗೆ?

ನೋಂದಣಿ ಎಂದ ಕೂಡಲೇ ಹೆದರುವವರು ಬಹಳ. ನಿಜವಾಗಿ ಇದು ಕಷ್ಟದ ಕೆಲಸವಲ್ಲ. 2011ರ ನಿಯಮಾವಳಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಇರುವವರನ್ನು ಸಣ್ಣ ಉದ್ಯಮಿಗಳೆಂದು ಗುರುತಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತು ಮಾಡಲಾಯಿತು. ಈ ಮಿತಿ, ಶುಲ್ಕ, ಅವಧಿಗಳನ್ನು ಸರ್ಕಾರ ಕಾಲಕಾಲಕ್ಕೆ ಬದಲಾಯಿಸುತ್ತದೆ. ಅರ್ಜಿ ಹಾಕುವ ಮುಂಚೆ ಈಗ ಎಷ್ಟಿದೆ ಎಂದು ಜಿಲ್ಲಾ ಅಂಕಿತ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

* 2020ರಿಂದ ಅರ್ಜಿಯನ್ನು ಪ್ರಾಧಿಕಾರದ ‘ಫಾಸ್ಕಾಸ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಬೇಕು. ಸ್ವತಃ ಬರದಿದ್ದರೆ ಹತ್ತಿರದ ಸೇವಾ ಕೇಂದ್ರದಲ್ಲಿ ಹಾಕಿಸಬಹುದು.
* ಫೋಟೋ, ಗುರುತಿನ ಚೀಟಿ, ಆಹಾರ ತಯಾರಿಸುವ ಜಾಗದ ವಿಳಾಸ, ಯಾವ ಯಾವ ಪದಾರ್ಥ ಎಂಬ ವಿವರ ಇಟ್ಟುಕೊಂಡು ಹೋಗಿ.
* 2011ರ ನಿಯಮಾವಳಿ ಪ್ರಕಾರ ಅರ್ಜಿ ಸಿಕ್ಕಿದ 7 ದಿನಗಳೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಅಥವಾ ಕಾರಣ ಬರೆದು ತಿರಸ್ಕರಿಸಬೇಕು, ಅಥವಾ ಜಾಗ ಪರಿಶೀಲನೆಗೆ ಬರುತ್ತೇವೆಂದು ನೋಟಿಸು ಕೊಡಬೇಕು. ಪರಿಶೀಲನೆ ಎಂದಾದರೆ 30 ದಿನಗಳೊಳಗೆ ತೀರ್ಮಾನ ಆಗಬೇಕು.
* 14 ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ನೋಂದಣಿ ಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿ. ಪೊಟ್ಟಣದ ಮೇಲೆ ಸಂಖ್ಯೆ ಮುದ್ರಿಸಿ.

“ದುಡ್ಡು ಕೊಡಿ, ನಾನೇ ಎಲ್ಲ ಮಾಡಿಸಿಕೊಡ್ತೇನೆ” ಎಂದು ಬರುವ ದಲ್ಲಾಳಿಗಳಿಂದ ದೂರ ಇರಿ. ನೂರು ರೂಪಾಯಿ ಶುಲ್ಕದ ಕೆಲಸಕ್ಕೆ ಸಾವಿರಗಟ್ಟಲೆ ಕೊಟ್ಟ ಸಂಘಗಳೂ ನಮ್ಮಲ್ಲಿವೆ.

ಒಂದು ಮಾತು ನೆನಪಿರಲಿ. ನೋಂದಣಿ ಪತ್ರ ಗೋಡೆಗೆ ಹಾಕಿದ ಮಾತ್ರಕ್ಕೆ ಆಹಾರ ಶುದ್ಧವಾಗುವುದಿಲ್ಲ. ಮುಂದಿನ ಹೆಜ್ಜೆಗಳು ಅದಕ್ಕಿಂತ ಮುಖ್ಯ.

ತೋಟದಿಂದ ಸಂತೆಗೆ: ಹಸಿ ಪದಾರ್ಥಗಳು

ಔಷಧಿ ಸಿಂಪಡಣೆ: ಸಂತೆ ಭಾನುವಾರ ಎಂದರೆ ಶುಕ್ರವಾರ ಸಂಜೆ ಹುಳಕ್ಕೆ ಔಷಧಿ ಹೊಡೆದು, ಶನಿವಾರ ಕೊಯ್ಲು ಮಾಡುವ ಅಭ್ಯಾಸ ಕೆಲವರಲ್ಲಿದೆ. ಕಾಯಿ ಹೊಳೆಯುತ್ತದೆ, ಹುಳದ ತೂತು ಇರುವುದಿಲ್ಲ, ಬೇಗ ಮಾರಾಟ ಆಗ್ತದೆ. ಆದರೆ ಆ ಔಷಧಿ ನೇರ ಗಿರಾಕಿಯ ಅಡಿಗೆಮನೆಗೆ ಹೋಗುತ್ತದೆ. ಪ್ರತಿಯೊಂದು ಕೀಟನಾಶಕದ ಜೊತೆ ಬರುವ ಚೀಟಿಯಲ್ಲಿ ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ. ಅಷ್ಟು ದಿನ ಕಾಯಲೇಬೇಕು. ಯಾವ ಬೆಳೆಗೆ ಎಂದು ಬರೆದಿದೆಯೋ ಅದಕ್ಕೆ ಮಾತ್ರ ಹೊಡೆಯಬೇಕು. ಉದಾಹರಣೆಗೆ, ಮಾನೋಕ್ರೋಟೋಫಾಸ್ ಔಷಧಿಯನ್ನು ತರಕಾರಿಗೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಗಿತ್ತು. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನೂ ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಯಲ್ಲಿ ಹಸಿರು. ಹಸಿರು ಎಂದರೆ ವಿಷವೇ ಇಲ್ಲವೆಂದು ತಿಳಿಯಬೇಡಿ.

ವಿಷದ ಪರಿಣಾಮ ನಮಗೆ ದೂರದ ಕಥೆಯಲ್ಲ. ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಫಲವನ್ನು ಕೊಕ್ಕಡ ಸುತ್ತಲಿನ ಕುಟುಂಬಗಳು ಉಣ್ಣಬೇಕಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು.

ಇನ್ನೊಂದು ಕಹಿ ಸತ್ಯ. “ಈ ಸಾಲು ಮನೆಗೆ, ಇದಕ್ಕೆ ಔಷಧಿ ಹೊಡೆಯಲ್ಲ, ಆ ಸಾಲು ಸಂತೆಗೆ” ಎಂದು ನಮ್ಮ ಮುಂದೆಯೇ ಹೇಳಿದ ರೈತರಿದ್ದಾರೆ. ನಮ್ಮ ಮಕ್ಕಳಿಗೆ ಬೇಡವಾದದ್ದು ಇನ್ನೊಬ್ಬರ ಮಕ್ಕಳಿಗೆ ಹೇಗೆ ಆಗುತ್ತದೆ? ಇದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು.

ತೊಳೆಯುವ ನೀರು: ಸೊಪ್ಪು ಬಾಡಬಾರದೆಂದು ಚರಂಡಿ ಪಕ್ಕದ ಗುಂಡಿಯ ನೀರು ಚಿಮುಕಿಸುವುದನ್ನು ಸಂತೆಯಲ್ಲಿ ನೋಡುತ್ತೇವೆ. ಕೊತ್ತಂಬರಿ, ಪುದೀನ, ಸೌತೆಕಾಯಿ, ಕ್ಯಾರೆಟ್ಟು ಹಸಿಯಾಗಿಯೇ ಹೊಟ್ಟೆಗೆ ಹೋಗುತ್ತವೆ. ಟೈಫಾಯ್ಡ್, ಕಾಮಾಲೆ, ಕಾಲರಾ ಎಲ್ಲ ಕೊಳಕು ನೀರಿನಿಂದ ಹರಡುವ ರೋಗಗಳು. ಚಿಮುಕಿಸಲು ಕೂಡ ಕುಡಿಯುವ ನೀರನ್ನೇ ಮನೆಯಿಂದ ತನ್ನಿ. ಹಸಿ ಗೊಬ್ಬರವನ್ನು ಸೊಪ್ಪಿನ ಮಡಿಗೆ ಹಾಕಬೇಡಿ, ಚೆನ್ನಾಗಿ ಕೊಳೆತ ಗೊಬ್ಬರ ಮಾತ್ರ ಹಾಕಿ.

ಹಣ್ಣು ಮಾಗಿಸುವುದು: ಕ್ಯಾಲ್ಸಿಯಂ ಕಾರ್ಬೈಡ್ ಪುಡಿಯಿಂದ ಮಾವು, ಬಾಳೆ ಹಣ್ಣು ಮಾಡಿ ಮಾರುವುದು ನಿಷೇಧ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುವ ಅಪಾಯ ಇದೆ. ಎಥಿಲೀನ್ ಅನಿಲವನ್ನು ಗೊತ್ತುಪಡಿಸಿದ ಮಿತಿಯಲ್ಲಿ ಬಳಸಲು 2016ರಲ್ಲಿ ಅನುಮತಿ ಕೊಡಲಾಗಿದೆ. ನಮ್ಮ ಸಂತೆಯ ಪ್ರಮಾಣಕ್ಕೆ ಹಿರಿಯರ ಹಾಗೆ ಹುಲ್ಲಿನಲ್ಲಿ ಅಡೆ ಹಾಕಿದರೆ ಧಾರಾಳ ಸಾಕು.

ಒಣಗಿಸುವುದು: ಕಾಳುಮೆಣಸು, ಒಣಮೆಣಸಿನಕಾಯಿ, ಶೇಂಗಾ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಅದು ಯಕೃತ್ತಿಗೆ ಕೆಟ್ಟದ್ದು, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ರಸ್ತೆಯ ಡಾಂಬರಿನ ಮೇಲೆ, ಕೋಳಿ-ನಾಯಿ ಓಡಾಡುವ ಅಂಗಳದಲ್ಲಿ ಹರವಬೇಡಿ. ಶುದ್ಧ ಟಾರ್ಪಾಲಿನ್ ಮೇಲೆ ಒಣಗಿಸಿ, ಬೂಷ್ಟು ಹಿಡಿದದ್ದನ್ನು ಆರಿಸಿ ಬಿಸಾಡಿ.

ಕಳಲೆ, ಅಣಬೆ, ಜೇನು: ಕಳಲೆಯನ್ನು ನೀರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸುವುದು ಬರೀ ಕಹಿ ಹೋಗಲಿ ಎಂದಲ್ಲ, ಅದರಲ್ಲಿ ಸಹಜವಾಗಿರುವ ವಿಷಾಂಶ ಹೋಗಲಿ ಎಂದು. ಹಸಿ ಕಳಲೆ ಮಾರುವವರು ಗಿರಾಕಿಗೆ ಇದನ್ನು ತಿಳಿಸಿ. ಪೇಟೆಯವರಿಗೆ ಗೊತ್ತಿರುವುದಿಲ್ಲ. ಕಾಡಿನ ಅಣಬೆಯಲ್ಲಿ ಸ್ವಲ್ಪ ಅನುಮಾನ ಬಂದರೂ ಮಾರಬೇಡಿ. ಜೇನುತುಪ್ಪವನ್ನು ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದೆಂದು ಹೇಳಿಯೇ ಮಾರಿ.

ಒಲೆಯಿಂದ ಗಿರಾಕಿಯ ಕೈಗೆ: ತಯಾರಿಸಿದ ಆಹಾರ

ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಬೆಚ್ಚಗಿನ ತೇವದ ಆಹಾರ ಸಿಕ್ಕಿದರೆ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಎರಡು ಪಟ್ಟು ಆಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ರೋಗಾಣು ಆರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ! ಬೆಳಿಗ್ಗೆ ಐದಕ್ಕೆ ರುಬ್ಬಿದ ಕಾಯಿ ಚಟ್ನಿ ಹನ್ನೊಂದು ಗಂಟೆಗೆ ಹಳಸುವುದು ಇದೇ ಕಾರಣಕ್ಕೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖ ಅವುಗಳಿಗೆ ಹಬ್ಬ. ಆದ್ದರಿಂದ ಬಿಸಿ ಆಹಾರ ಹಬೆಯಾಡುವಂತೆ ಬಿಸಿಯಾಗಿರಲಿ, ತಣ್ಣನೆಯದು ನಿಜವಾಗಿ ತಣ್ಣಗಿರಲಿ. ಬೇಯಿಸಿದ ಆಹಾರ ಉಗುರುಬೆಚ್ಚಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಚಟ್ನಿಯನ್ನು ಒಂದೇ ಸಲ ಮಾಡದೆ, ಸ್ವಲ್ಪ ಸ್ವಲ್ಪ ಮಾಡಿ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.

ಸಣ್ಣ ಆಹಾರ ಉದ್ಯಮಿಗಳು ಪಾಲಿಸಬೇಕಾದ ಶುಚಿತ್ವದ ಪಟ್ಟಿ ನಿಯಮಾವಳಿಯ 4ನೇ ಅನುಸೂಚಿಯಲ್ಲಿದೆ. ಅದರ ಸಾರವನ್ನು ನಮ್ಮ ಸಂತೆಗೆ ಹೊಂದಿಸಿ ಇಲ್ಲಿ ಕೊಡುತ್ತಿದ್ದೇವೆ.

* ಜಾಗ: ಚರಂಡಿ, ಕಸದ ರಾಶಿ, ಶೌಚಾಲಯದ ಪಕ್ಕ ಅಂಗಡಿ ಬೇಡ. ಮುಚ್ಚಳ ಇರುವ ಕಸದ ಡಬ್ಬಿ ಇರಲಿ.
* ನೀರು: ಕುಡಿಯಲು, ಬೆರೆಸಲು, ತೊಳೆಯಲು ಎಲ್ಲಕ್ಕೂ ಕುಡಿಯುವ ನೀರೇ. ಕುದಿ ಬಂದ ಮೇಲೂ ಸ್ವಲ್ಪ ಹೊತ್ತು ಕುದಿಸಿ, ಆರಿಸಿ, ನಲ್ಲಿ ಇರುವ ಮುಚ್ಚಿದ ಡ್ರಮ್ಮಿನಲ್ಲಿ ತನ್ನಿ. ಕೈ ಅದ್ದಿ ನೀರು ತೆಗೆಯಬೇಡಿ.
* ಐಸ್: ಮೀನಿನ ಐಸ್ ತಿನ್ನುವುದಕ್ಕಲ್ಲ. ತಿನ್ನಬಾರದ ಐಸ್ ಬೇರೆ ಎಂದು ಗೊತ್ತಾಗಲು ಅದಕ್ಕೆ ನೀಲಿ ಬಣ್ಣ ಸೇರಿಸಬೇಕೆಂದು 2018ರಲ್ಲಿ ಪ್ರಾಧಿಕಾರ ಸೂಚಿಸಿದೆ. ಬೆಳ್ಳಗಿದ್ದ ಮಾತ್ರಕ್ಕೆ ತಿನ್ನುವ ಐಸ್ ಎಂದು ನಂಬಬೇಡಿ.
* ಕೈ: ಉಗುರು ಕತ್ತರಿಸಿರಬೇಕು. ಕೆಲಸ ಶುರು ಮಾಡುವ ಮುಂಚೆ, ಶೌಚಕ್ಕೆ ಹೋಗಿ ಬಂದ ಮೇಲೆ ಸೋಪಿನಿಂದ ತೊಳೆಯಬೇಕು. ಹಣ ಮುಟ್ಟುವವರು ಒಬ್ಬರು, ಆಹಾರ ಮುಟ್ಟುವವರು ಇನ್ನೊಬ್ಬರು ಎಂದು ಕೆಲಸ ಹಂಚಿಕೊಳ್ಳಿ.
* ಆರೋಗ್ಯ: ಜ್ವರ, ಭೇದಿ, ಕಾಮಾಲೆ, ಕೈಯಲ್ಲಿ ಕೀವಿನ ಗಾಯ ಇದ್ದವರು ಆ ವಾರ ಆಹಾರ ಮುಟ್ಟುವುದು ಬೇಡ. ಅವರ ಪಾಲಿನ ಲಾಭ ಕಡಿತ ಮಾಡುವುದಿಲ್ಲ ಎಂದು ಸಂಘ ನಿರ್ಣಯ ಮಾಡಬೇಕು. ಇಲ್ಲದಿದ್ದರೆ ಬಡವರು ಕಾಯಿಲೆ ಮುಚ್ಚಿಟ್ಟು ಕೆಲಸಕ್ಕೆ ಬರ್ತಾರೆ.
* ಅಭ್ಯಾಸ: ಎಲೆ-ಅಡಿಕೆ, ಹೊಗೆಸೊಪ್ಪು, ಬೀಡಿ, ಉಗುಳುವುದು ಅಂಗಡಿಯ ಹತ್ತಿರ ಬೇಡವೇ ಬೇಡ.
* ಮುಚ್ಚಳ: ತಿಂಡಿಯನ್ನು ನೊಣ, ದೂಳಿನಿಂದ ಮುಚ್ಚಿಡಿ. ವ್ಯಾಪಾರದ ಹೊತ್ತಿನಲ್ಲಿ ನೊಣಕ್ಕೆ ಔಷಧಿ ಹೊಡೆಯಬಾರದು.
* ಪಾತ್ರೆ: ಲೋಟ ತೊಳೆಯಲು ಮೂರು ಬಕೆಟ್ ಇಡಿ. ಒಂದು ಎಂಜಲು ತೆಗೆಯಲು, ಒಂದು ಸೋಪಿಗೆ, ಒಂದು ಶುದ್ಧ ನೀರಿಗೆ. ನೀರು ಕದಡಿದ ಕೂಡಲೇ ಬದಲಿಸಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾಗಿದೆ.
* ಕಾಗದ: ಬಿಸಿ ವಡೆ, ಬೋಂಡಾವನ್ನು ಹಳೇ ದಿನಪತ್ರಿಕೆಯಲ್ಲಿ ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಮುದ್ರಣದ ಶಾಯಿ ಎಣ್ಣೆಗೆ ಅಂಟಿ ಹೊಟ್ಟೆಗೆ ಹೋಗುತ್ತದೆ. ನಮ್ಮಲ್ಲಿ ಬಾಳೆಎಲೆಗೆ ಬರವೇ?
* ಎಣ್ಣೆ, ಬಣ್ಣ: ಕಪ್ಪಾಗಿ ಹೊಗೆಯಾಡುವ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ರೋಡಮೈನ್-ಬಿ ಎಂಬ ಬಣ್ಣ ಬಟ್ಟೆಗೆ ಹಾಕುವಂಥದ್ದು. ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದರ ವಿರುದ್ಧ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿದೆ.

ಪೊಟ್ಟಣ, ಬಾಟಲಿಯ ಮೇಲೆ ಏನು ಬರೆಯಬೇಕು?

ಮೊದಲೇ ತುಂಬಿ ಮುಚ್ಚಿ ಮಾರುವ ಹಪ್ಪಳ, ಹಿಟ್ಟು, ಉಪ್ಪಿನಕಾಯಿಗೆ ಚೀಟಿ ಅಂಟಿಸಬೇಕು. ಅದರಲ್ಲಿ ಪದಾರ್ಥದ ಹೆಸರು, ಏನೇನು ಹಾಕಿದೆ ಎಂಬ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ತೂಕ, ಬೆಲೆ, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು, ಬ್ಯಾಚ್ ನಂಬರು, ಸಂಘದ ಹೆಸರು-ವಿಳಾಸ, ನೋಂದಣಿ ಸಂಖ್ಯೆ ಇರಬೇಕು.

ಬ್ಯಾಚ್ ನಂಬರು ಯಾಕೆ ಎಂದು ಕೇಳುತ್ತೀರಿ. ಒಂದು ಬಾಟಲಿ ಕೆಟ್ಟಿದೆ ಎಂದು ಗಿರಾಕಿ ತಂದುಕೊಟ್ಟರೆ, ಆ ದಿನ ಮಾಡಿದ ಇಷ್ಟು ಬಾಟಲಿಗಳನ್ನು ಮಾತ್ರ ವಾಪಸ್ಸು ತೆಗೆಯಬಹುದು. ನಂಬರು ಇಲ್ಲದಿದ್ದರೆ ಮನೆಯಲ್ಲಿರುವ ಅಷ್ಟನ್ನೂ ಸುರಿಯಬೇಕಾಗ್ತದೆ.

ಒಮ್ಮೆ ಬಳಸಿದ ತಗಡಿನ ಡಬ್ಬಿಯಲ್ಲಿ ಮತ್ತೆ ಆಹಾರ ತುಂಬಬಾರದು. ಔಷಧಿ ಡಬ್ಬಿಯನ್ನಂತೂ ಎಷ್ಟೇ ತೊಳೆದರೂ ಯಾವ ಕಾರಣಕ್ಕೂ ಆಹಾರಕ್ಕೆ, ನೀರಿಗೆ ಬಳಸಕೂಡದು. ‘ಸಾವಯವ’ ಎಂದು ಹೇಳಿ ಮಾರುವವರು ನಿಜವಾಗಿ ಹಾಗೆ ಬೆಳೆದಿದ್ದರೆ ಮಾತ್ರ ಹೇಳಿ. ಪ್ರಮಾಣಪತ್ರ ಇಲ್ಲದೆ ‘ಜೈವಿಕ್ ಭಾರತ್’ ಗುರುತು ಹಾಕುವಂತಿಲ್ಲ.

ಅಧಿಕಾರಿ ಬಂದರೆ?

“ಅಧಿಕಾರಿ ಬಂದ್ರು” ಎಂದರೆ ಬುಟ್ಟಿ ಎತ್ತಿಕೊಂಡು ಓಡುವುದನ್ನು ನೋಡಿದ್ದೇವೆ. ಓಡುವುದು ಬೇಡ. ನಿಯಮಗಳಂತೆ ನಮಗೆ ಹಕ್ಕುಗಳೂ ಇವೆ.

* ಅಧಿಕಾರಿ ಪರೀಕ್ಷೆಗೆ ಮಾದರಿ ತೆಗೆದುಕೊಂಡರೆ ಲಿಖಿತ ನೋಟಿಸು ಕೊಡಬೇಕು. ಆ ಪದಾರ್ಥದ ಸಾಮಾನ್ಯ ಮಾರಾಟ ಬೆಲೆಯನ್ನೂ ಕೊಡಬೇಕು.
* ಸಾಮಾನ್ಯವಾಗಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ಎಂದು ನಮ್ಮ ಖರ್ಚಿನಲ್ಲಿ ಕೇಳಬಹುದು.
* ಆಹಾರ ವಿಶ್ಲೇಷಕರ ವರದಿ ಒಪ್ಪಿಗೆ ಇಲ್ಲದಿದ್ದರೆ 30 ದಿನಗಳೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.
* ಕುಂದು ಕಂಡರೆ ಸರಿಪಡಿಸಲು ‘ಸುಧಾರಣಾ ನೋಟಿಸು’ ಕೊಡುವ ಕ್ರಮ 32ನೇ ಸೆಕ್ಷನ್‌ನಲ್ಲಿದೆ. ಅದಕ್ಕೆ ಕನಿಷ್ಠ 14 ದಿನ ಸಮಯ ಕೊಡಬೇಕು.

ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೊಳಕು ವಾತಾವರಣದಲ್ಲಿ ಆಹಾರ ತಯಾರಿಸಿದರೆ ಒಂದು ಲಕ್ಷ ರೂಪಾಯಿವರೆಗೂ ದಂಡ ಹಾಕುವ ಅವಕಾಶ 56ನೇ ಸೆಕ್ಷನ್‌ನಲ್ಲಿದೆ.

ಆ ಸಂಘ ಈಗ ಏನು ಮಾಡುತ್ತಿದೆ?

ಮೊದಲು ಹೇಳಿದ ಸಂಘದ ಸಹೋದರಿಯರು ಅಂಗಡಿ ಮುಚ್ಚಲಿಲ್ಲ. ಮೊದಲು ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದರು. ಆಸ್ಪತ್ರೆಯ ಖರ್ಚಿಗೆ ಸಂಘದ ಲಾಭಾಂಶದಿಂದ ಸ್ವಲ್ಪ ಹಣ ಕೊಟ್ಟರು. ಆಮೇಲೆ ನೋಂದಣಿ ಮಾಡಿಸಿದರು. ಈಗ ನೀರು ಮನೆಯಲ್ಲೇ ಕುದಿಸಿ, ಆರಿಸಿ, ನಲ್ಲಿ ಇರುವ ಎರಡು ಸ್ಟೀಲ್ ಡ್ರಮ್ಮಿನಲ್ಲಿ ಬರುತ್ತದೆ. ಐಸ್ ಪೂರ್ತಿ ಬಿಟ್ಟಿದ್ದಾರೆ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ಮಜ್ಜಿಗೆ ಇಟ್ಟು, ಎರಡು ಗಂಟೆಗೆ ಸಾಕಾಗುವಷ್ಟನ್ನೇ ಕಡೆದು ತರುತ್ತಾರೆ. ಮೂರು ಬಕೆಟ್ ಗಿರಾಕಿಗೆ ಕಾಣುವ ಹಾಗೆಯೇ ಇದೆ.

ವ್ಯಾಪಾರ ಮೊದಲಿನ ಮಟ್ಟಕ್ಕೆ ಬರಲು ಗಣೇಶನ ಹಬ್ಬದವರೆಗೆ ಕಾಯಬೇಕಾಯಿತು. ಒಂದು ದಿನ ಆ ಹುಡುಗನ ತಾಯಿ ಅಂಗಡಿಗೆ ಬಂದರಂತೆ. ಬಂದವರು ಮಜ್ಜಿಗೆ ಕೇಳಲಿಲ್ಲ, “ನೀರು ಎಲ್ಲಿಂದ ತಂದದ್ದು?” ಎಂದು ಕೇಳಿದರು. ಹಿರಿಯ ಸದಸ್ಯೆ ಡ್ರಮ್ಮು ತೋರಿಸಿ, ಕುದಿಸಿದ ಹೊತ್ತನ್ನೂ ಹೇಳಿದರು. ಆಮೇಲೆ ಅವರು ಒಂದು ಲೋಟ ಕುಡಿದು ಹೋದರು.

ಗಿರಾಕಿ ಹೀಗೆ ಪ್ರಶ್ನೆ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಕೇಳುವ ಗಿರಾಕಿ ಇನ್ನೂ ನಮ್ಮನ್ನು ಬಿಟ್ಟು ಹೋಗಿಲ್ಲ ಎಂದು ಅರ್ಥ. ಅವರಿಗೆ ತಲೆಯೆತ್ತಿ ಉತ್ತರ ಹೇಳುವ ಹಾಗೆ ನಾವು ಇರಬೇಕು. ಎಲ್ಲ ನಿಯಮಗಳ ಉದ್ದೇಶವೂ ಇಷ್ಟೇ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘ ಸಂತೆಯಲ್ಲಿ ಏನೇನು ಮಾರುತ್ತದೆ? ಅವುಗಳಲ್ಲಿ ಬೆಳೆದದ್ದು ಯಾವುದು, ತಯಾರಿಸಿದ್ದು ಯಾವುದು? ಯಾವುದಕ್ಕೆ ನೋಂದಣಿ ಬೇಕು?
2. ಒಂದು ಪದಾರ್ಥವನ್ನು ಆರಿಸಿಕೊಂಡು, ಮೊದಲಿನಿಂದ ಗಿರಾಕಿಯ ಕೈ ಸೇರುವವರೆಗಿನ ಹೆಜ್ಜೆಗಳನ್ನು ಹಲಗೆಯ ಮೇಲೆ ಬರೆಯಿರಿ. ಬಾಗಿಲು ತೆರೆದಿರುವುದು ಎಲ್ಲಿ?
3. ಕಾಯಿಲೆ ಬಿದ್ದ ಸದಸ್ಯೆಗೆ ಆ ವಾರದ ಪಾಲು ಕೊಡುವ ಬಗ್ಗೆ ನಮ್ಮ ನಿರ್ಣಯ ಏನು?
4. ಸಂತೆ ಮಾಳದಲ್ಲಿ ಕುಡಿಯುವ ನೀರು, ಶೌಚಾಲಯ, ಕಸ ವಿಲೇವಾರಿ ಸರಿ ಇದೆಯೇ? ಇಲ್ಲದಿದ್ದರೆ ಪಂಚಾಯಿತಿಗೆ ಎಲ್ಲ ಸಂಘಗಳೂ ಸೇರಿ ಮನವಿ ಕೊಡುವುದು ಯಾವಾಗ?
5. “ಮನೆಗೆ ಒಂದು ಸಾಲು, ಸಂತೆಗೆ ಒಂದು ಸಾಲು” ಎಂಬ ಮಾತಿನ ಬಗ್ಗೆ ನಿಮ್ಮ ಅಭಿಪ್ರಾಯವೇನು?

ನೆನಪಿಡಿ: ಶುದ್ಧ ನೀರು, ಶುದ್ಧ ಕೈ, ಮುಚ್ಚಿದ ಪಾತ್ರೆ, ಸರಿಯಾದ ಬಿಸಿ, ನಿಜವಾದ ಚೀಟಿ. ಈ ಐದೂ ಇದ್ದರೆ ಗಿರಾಕಿ ಮುಂದಿನ ವಾರವೂ ಬರುತ್ತಾರೆ. ಎಷ್ಟೇ ಎಚ್ಚರ ವಹಿಸಿದರೂ ಯಾರಿಗಾದರೂ ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ದ್ರಾವಣ ಕುಡಿಸುತ್ತಾ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ತಿಂದದ್ದು ಎನ್ನುವುದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ.